ಅಂಗಡಿಯ ಲ್ಯಾಪ್‌ಟಾಪಿಗೆ ಯಾವ ಕಾರ್ಯಾಚರಣ ವ್ಯವಸ್ಥೆ? ಸಣ್ಣ ವ್ಯಾಪಾರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಅಂಗಡಿಗೆ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾಗಿದೆ, ವಿಂಡೋಸ್ ಇರುವುದನ್ನೇ ಕೊಳ್ಳಬೇಕೇ? ವಿಂಡೋಸ್ ಇಲ್ಲದೆ ಮಾರುವ ಡಾಸ್ ಲ್ಯಾಪ್‌ಟಾಪ್ ಕೊಂಡರೆ ದುಡ್ಡು ಉಳಿಯುತ್ತದೆಯೇ? ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಂಡರೆ ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ನಡೆಯುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಲೇ ಇದ್ದಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆಗಳು (ಅಪ್‌ಡೇಟ್) ನಿಂತ ಮೇಲಂತೂ, ಐದಾರು ವರ್ಷ ಹಳೆಯದಾದರೂ ಇನ್ನೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪನ್ನು ಏನು ಮಾಡುವುದು ಎಂಬ ಚಿಂತೆ ಬಹಳ ಮಂದಿಯನ್ನು ಕಾಡುತ್ತಿದೆ. ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಉತ್ತರಿಸುವ ಬದಲು, ಆಯ್ಕೆ ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಒಂದರಿಂದ ಮೂರು ಲ್ಯಾಪ್‌ಟಾಪ್ ಇರುವ, ಕಂಪ್ಯೂಟರ್ ನೋಡಿಕೊಳ್ಳಲೆಂದೇ ಬೇರೆ ನೌಕರರಿಲ್ಲದ ವ್ಯಾಪಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಹಾರ್ಡ್‌ವೇರ್ ಅಂಗಡಿ, ಔಷಧದಂಗಡಿ, ಗಾರ್ಮೆಂಟ್ಸ್ ಘಟಕ, ಸಣ್ಣ ಮುದ್ರಣಾಲಯ, ಗುತ್ತಿಗೆದಾರರ ಕಚೇರಿ, ಟ್ಯೂಷನ್ ಕೇಂದ್ರ ಇವೆಲ್ಲ ಈ ಲೆಕ್ಕಕ್ಕೆ ಬರುತ್ತವೆ.

ಕಾರ್ಯಾಚರಣ ವ್ಯವಸ್ಥೆ ಎಂದರೆ ಲ್ಯಾಪ್‌ಟಾಪಿನ ಯಂತ್ರಭಾಗಗಳಿಗೂ ನೀವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಮೂಲ ತಂತ್ರಾಂಶ. ಇದನ್ನೇ ಚಿಕ್ಕದಾಗಿ ಒಎಸ್ ಎನ್ನುತ್ತಾರೆ. ವಿಂಡೋಸ್, ಲಿನಕ್ಸ್, ಮ್ಯಾಕ್‌ಒಎಸ್, ಕ್ರೋಮ್‌ಒಎಸ್ ಈ ಜಾತಿಗೆ ಸೇರಿದವು. ಟ್ಯಾಲಿ, ಎಕ್ಸೆಲ್, ಬ್ರೌಸರ್ ಇವೆಲ್ಲ ಅದರ ಮೇಲೆ ಕುಳಿತು ನಡೆಯುವಂಥವು. ಯಾವ ಒಎಸ್ ಒಳ್ಳೆಯದು ಎಂದು ಮೊದಲೇ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ವ್ಯಾಪಾರದಲ್ಲಿ ಯಾವ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಲು ಸಾಧ್ಯವೇ ಇಲ್ಲವೋ ಆ ಕೆಲಸವೇ ಒಎಸ್ಸನ್ನು ನಿರ್ಧರಿಸುತ್ತದೆ. ಹೀಗಾಗಿ ಮೊದಲ ಎರಡು ಹಂತಗಳಲ್ಲಿ ಲ್ಯಾಪ್‌ಟಾಪನ್ನು ಮುಟ್ಟುವ ಅಗತ್ಯವೇ ಇಲ್ಲ.

ಹಂತ 1: ಒಂದು ವಾರದ ಕೆಲಸವನ್ನು ಕಾಗದದ ಮೇಲೆ ಬರೆಯಿರಿ

ಸೋಮವಾರದಿಂದ ಶನಿವಾರದವರೆಗೆ ಕಂಪ್ಯೂಟರಿನಲ್ಲಿ ಏನೇನು ಕೆಲಸ ನಡೆಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯುತ್ತ ಹೋಗಿ. ಪ್ರತಿಯೊಂದರ ಎದುರಿಗೂ ಮೂರು ವಿಷಯಗಳನ್ನು ಗುರುತು ಹಾಕಿಕೊಳ್ಳಿ: ಆ ಕೆಲಸ ಬ್ರೌಸರಿನಲ್ಲಿ ನಡೆಯುತ್ತದೆಯೇ ಅಥವಾ ಕಂಪ್ಯೂಟರಿಗೆ ಹಾಕಿಸಿದ ತಂತ್ರಾಂಶದಲ್ಲೇ, ಅದಕ್ಕೆ ಯಾವುದಾದರೂ ಉಪಕರಣ ಜೋಡಿಸಬೇಕೇ, ಮತ್ತು ಆ ಕಡತವನ್ನು ಬೇರೆ ಯಾರಿಗಾದರೂ ಕಳಿಸಬೇಕೇ. ಅಂಗಡಿಯಲ್ಲಿ ಬಿಲ್ ಹಾಕುವವರು ಬೇರೆಯವರಾಗಿದ್ದರೆ ಈ ಹಾಳೆಯನ್ನು ಅವರಿಂದಲೇ ಬರೆಸಿ. ಮಾಲೀಕರು ನೆನಪಿನಿಂದ ಬರೆದ ಪಟ್ಟಿಯಲ್ಲಿ ಸಾಮಾನ್ಯವಾಗಿ ಲೇಬಲ್ ಪ್ರಿಂಟರ್, ಸ್ಕ್ಯಾನರ್, ತಿಂಗಳಿಗೊಮ್ಮೆ ಬಳಸುವ ಡಿಜಿಟಲ್ ಸಹಿಯ ಡಾಂಗಲ್ ಬಿಟ್ಟುಹೋಗಿರುತ್ತವೆ. ಮುಂದೆ ತೊಂದರೆ ಕೊಡುವಂಥವೂ ಇವೇ.

ಬಹುತೇಕ ಕೆಲಸಗಳು ಬ್ರೌಸರಿನಲ್ಲೇ ಮುಗಿಯುತ್ತವೆ ಎಂದು ಪಟ್ಟಿ ತೋರಿಸಿದರೆ ನಿಮ್ಮ ಆಯ್ಕೆ ವಿಶಾಲವಾಗಿದೆ. ಬ್ಯಾಂಕಿನ ವ್ಯವಹಾರ, ಇ-ವೇ ಬಿಲ್, ಜಿಎಸ್‌ಟಿ ಪೋರ್ಟಲಿನಲ್ಲಿ ನೇರವಾಗಿ ತುಂಬುವ ವಿವರಗಳು, ಇಮೇಲ್, ವಾಟ್ಸ್ಆ್ಯಪ್ ವೆಬ್ ಇವು ಯಾವ ಒಎಸ್‌ನಲ್ಲಾದರೂ ನಡೆಯುತ್ತವೆ.

ಹಂತ 2: ಅಲುಗಾಡಿಸಲಾಗದ ಕೆಲಸವನ್ನು ಗುರುತಿಸಿ

ಪಟ್ಟಿಯಲ್ಲಿ ಇದಿಲ್ಲದಿದ್ದರೆ ನಾಳೆ ಅಂಗಡಿ ನಡೆಯುವುದಿಲ್ಲ ಎನ್ನುವಂಥ ಒಂದೆರಡು ಕೆಲಸಗಳಿರುತ್ತವೆ. ಅವುಗಳ ಸುತ್ತ ವೃತ್ತ ಎಳೆಯಿರಿ. ನಮ್ಮ ಕಡೆ ಹೆಚ್ಚಾಗಿ ಕಾಣುವ ನಾಲ್ಕನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು ಲೆಕ್ಕಪತ್ರದ ತಂತ್ರಾಂಶ. ಬೆಂಗಳೂರಿನ ಸಂಸ್ಥೆಯೇ ರೂಪಿಸಿದ ಟ್ಯಾಲಿಪ್ರೈಮ್ ವಿಂಡೋಸ್‌ಗೆಂದು ಮಾಡಿದ ತಂತ್ರಾಂಶ. ಬ್ಯುಸಿ, ಮಾರ್ಗ್‌ನಂಥವೂ ಹೆಚ್ಚಾಗಿ ವಿಂಡೋಸ್‌ ಕಂಪ್ಯೂಟರುಗಳಲ್ಲೇ ಬಳಕೆಯಲ್ಲಿವೆ. ಲಿನಕ್ಸ್‌ನಲ್ಲಿ ವೈನ್ ಎಂಬ ಪದರದ ಮೂಲಕ, ಅಂದರೆ ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಮಾಡುವ ದುಭಾಷಿಯಂಥ ಏರ್ಪಾಟಿನ ಮೂಲಕ, ಟ್ಯಾಲಿಯನ್ನು ನಡೆಸಿಕೊಂಡವರಿದ್ದಾರೆ. ಆದರೆ ಆ ದಾರಿಗೆ ಕಂಪನಿಯ ಅಧಿಕೃತ ಬೆಂಬಲವಿಲ್ಲ. ಒಂದು ಪರಿಷ್ಕರಣೆಯ ಬಳಿಕ ತೆರೆಯದೇ ಹೋದರೆ ನೀವು ಯಾರನ್ನೂ ಕೇಳುವ ಹಾಗಿಲ್ಲ. ವ್ಯಾಪಾರದ ಇಡೀ ವರ್ಷದ ಲೆಕ್ಕವನ್ನು ಅದರ ಮೇಲೆ ನಿಲ್ಲಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಆಡಿಟರ್ ಟ್ಯಾಲಿಯ ಬ್ಯಾಕಪ್ ಕಡತವನ್ನೇ ಕೇಳುವವರಾದರೆ ನಿಮ್ಮ ಉತ್ತರ ಇಲ್ಲಿಗೇ ಬಹುಪಾಲು ತೀರ್ಮಾನವಾಯಿತು: ಆ ಲ್ಯಾಪ್‌ಟಾಪಿಗೆ ವಿಂಡೋಸ್ ಬೇಕು. ಹೊಸದಾಗಿ ವ್ಯಾಪಾರ ಆರಂಭಿಸುತ್ತಿದ್ದು, ಜೋಹೋ ಬುಕ್ಸ್‌ನಂತೆ ಬ್ರೌಸರಿನಲ್ಲೇ ನಡೆಯುವ ಲೆಕ್ಕಪತ್ರವನ್ನು ಆಡಿಟರ್ ಒಪ್ಪುವುದಾದರೆ ಮಾತ್ರ ಈ ಕಟ್ಟು ಸಡಿಲವಾಗುತ್ತದೆ. ಲ್ಯಾಪ್‌ಟಾಪ್ ಅಂಗಡಿಗೆ ಹೋಗುವ ಮೊದಲು ಆಡಿಟರಿಗೆ ಒಂದು ಫೋನ್ ಮಾಡಿ ಇದನ್ನು ಕೇಳಿಬಿಡಿ.

ಎರಡನೆಯದು ಡಿಜಿಟಲ್ ಸಹಿ. ಯುಎಸ್‌ಬಿ ಪೆನ್‌ಡ್ರೈವಿನಂತೆ ಕಾಣುವ, ಎಲ್ಲರೂ ಡಾಂಗಲ್ ಎಂದು ಕರೆಯುವ ಟೋಕನ್ನಿನೊಳಗೆ ನಿಮ್ಮ ಸಹಿಯ ಪ್ರಮಾಣಪತ್ರ ಇರುತ್ತದೆ. ಒಬ್ಬರೇ ಮಾಲೀಕರಿರುವ ವ್ಯಾಪಾರವಾದರೆ ಜಿಎಸ್‌ಟಿ ವಿವರಗಳನ್ನು ಮೊಬೈಲಿಗೆ ಬರುವ ಒಟಿಪಿಯಿಂದಲೇ ದೃಢೀಕರಿಸಬಹುದು. ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಗಳಿಗೆ) ಡಿಜಿಟಲ್ ಸಹಿ ಬೇಕು. ರಾಜ್ಯ ಸರ್ಕಾರದ ಖರೀದಿಗಳ ಕೆಪಿಪಿಪಿ ಪೋರ್ಟಲಿನಲ್ಲಿ ಟೆಂಡರ್ ಹಾಕುವ ಗುತ್ತಿಗೆದಾರರಿಗೂ ಬೇಕು. ಈ ಡಾಂಗಲ್ ನಡೆಯಬೇಕಾದರೆ ಎರಡು ತಂತ್ರಾಂಶಗಳು ಒಟ್ಟಿಗೆ ಕೆಲಸ ಮಾಡಬೇಕು: ಟೋಕನ್ ತಯಾರಿಸಿದವರು ಕೊಡುವ ಡ್ರೈವರ್, ಅಂದರೆ ಉಪಕರಣವನ್ನು ಒಎಸ್‌ಗೆ ಪರಿಚಯಿಸುವ ಸಣ್ಣ ತಂತ್ರಾಂಶ, ಮತ್ತು ಪೋರ್ಟಲಿನವರು ಕೊಡುವ ಸಹಿ ಮಾಡಿಸುವ ತಂತ್ರಾಂಶ. ಎರಡರಲ್ಲಿ ಒಂದು ನಿಮ್ಮ ಒಎಸ್‌ಗೆ ಇಲ್ಲದಿದ್ದರೂ ಕೆಲಸ ಆಗುವುದಿಲ್ಲ.

ಇದು ಎಷ್ಟು ಸೂಕ್ಷ್ಮ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಸಾಕು. ಅಣ್ಣತಮ್ಮಂದಿರಿಬ್ಬರು ಎಲ್‌ಎಲ್‌ಪಿ ಮಾಡಿಕೊಂಡು ನಡೆಸುವ ಹಾರ್ಡ್‌ವೇರ್ ಅಂಗಡಿಯ ಲ್ಯಾಪ್‌ಟಾಪಿಗೆ ಹೊಸದಾಗಿ ಲಿನಕ್ಸ್ ಹಾಕಿಸಿದ್ದರು. ತಿಂಗಳಿಡೀ ಎಲ್ಲವೂ ಚೆನ್ನಾಗಿ ನಡೆಯಿತು. 20ನೇ ತಾರೀಖಿನ ಸಂಜೆ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕುಳಿತಾಗ ಡಾಂಗಲಿನ ಕೆಂಪು ದೀಪ ಮಿನುಗುತ್ತಿತ್ತು, ಪರದೆಯ ಮೇಲೆ ಮಾತ್ರ ಪ್ರಮಾಣಪತ್ರದ ಪಟ್ಟಿ ಖಾಲಿ. ಕೊನೆಗೆ ಡಾಂಗಲ್ ಹಿಡಿದುಕೊಂಡು ಆಡಿಟರ್ ಕಚೇರಿಗೆ ಓಡಿ, ಅಲ್ಲಿಯ ಕಂಪ್ಯೂಟರಿನಲ್ಲಿ ಸಹಿ ಹಾಕಿದರು. ಗಡುವು ಮೀರಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಉಳಿದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ಡಾಂಗಲನ್ನು ಪರೀಕ್ಷಿಸುವುದು ಕೊಳ್ಳುವ ಮೊದಲಿನ ಕೆಲಸ, ಗಡುವಿನ ಸಂಜೆಯದಲ್ಲ.

ಇದಕ್ಕೆ ಸೇರಿದಂತೆ ಇನ್ನೊಂದು ಮಾತು. ಜಿಎಸ್‌ಟಿಯ ರಿಟರ್ನ್ಸ್ ಆಫ್‌ಲೈನ್ ಟೂಲ್ ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಎಕ್ಸೆಲ್ ಇರುವ ಕಂಪ್ಯೂಟರಿಗೆಂದೇ ಮಾಡಿದ್ದು. ನೀವು ಅದನ್ನು ಬಳಸುತ್ತಿದ್ದರೆ ಪಟ್ಟಿಗೆ ಸೇರಿಸಿಕೊಳ್ಳಿ. ನಿಮ್ಮ ಲೆಕ್ಕಪತ್ರದ ತಂತ್ರಾಂಶವೇ ಪೋರ್ಟಲಿಗೆ ನೇರವಾಗಿ ಏರಿಸಬಲ್ಲ ಜೇಸನ್ (JSON) ಮಾದರಿಯ ಕಡತವನ್ನು ಕೊಡುತ್ತಿದ್ದರೆ ಈ ಟೂಲ್ ಬೇಕಾಗುವುದಿಲ್ಲ.

ಮೂರನೆಯದು ಮುದ್ರಣ. ಸಾರಿಗೆಯವರಿಗೆ ಕಾರ್ಬನ್ ಪ್ರತಿ ಕೊಡುವ ಡಾಟ್ ಮ್ಯಾಟ್ರಿಕ್ಸ್, ಕೌಂಟರಿನ ಥರ್ಮಲ್ ರೋಲ್ ಪ್ರಿಂಟರ್, ಬಾರ್‌ಕೋಡ್ ಲೇಬಲ್ ಪ್ರಿಂಟರ್ ಇವುಗಳಲ್ಲಿ ಯಾವುದಿದ್ದರೂ ಮಾದರಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಈಚಿನ ವೈ-ಫೈ ಪ್ರಿಂಟರುಗಳ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ (ಬೇರೆ ಡ್ರೈವರ್ ಬೇಡದ ಮುದ್ರಣ ಸೌಲಭ್ಯ) ಎಂದಿದ್ದರೆ ಅವು ಮ್ಯಾಕ್, ಲಿನಕ್ಸ್ ಎರಡರಲ್ಲೂ ಹೆಚ್ಚಿನ ಗೊಡವೆಯಿಲ್ಲದೆ ನಡೆಯುತ್ತವೆ. ಅಗ್ಗದ ಹಳೆಯ ಲೇಸರ್ ಪ್ರಿಂಟರುಗಳಲ್ಲಿ ಕೆಲವು ತಮ್ಮ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರಿಗೇ ವಹಿಸಿರುತ್ತವೆ. ಅಂಥವು ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತವೆ.

ನಾಲ್ಕನೆಯದು ವಿನ್ಯಾಸ. ಮುದ್ರಣಾಲಯ, ಫ್ಲೆಕ್ಸ್ ಅಂಗಡಿ, ಲಗ್ನಪತ್ರಿಕೆ ಮಾಡುವವರಿಗೆ ಕೋರೆಲ್‌ಡ್ರಾ ಮತ್ತು ಫೋಟೋಶಾಪ್ ಬೇಕೇ ಬೇಕು. ಇವೆರಡೂ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಇವೆ, ಲಿನಕ್ಸ್‌ಗೆ ಇಲ್ಲ. ಹಳೆಯ ಪೇಜ್‌ಮೇಕರ್ ಕಡತಗಳ ರಾಶಿ ಇದ್ದರೆ ವಿಂಡೋಸ್ ಬಿಟ್ಟು ಬೇರೆ ದಾರಿಯಿಲ್ಲ.

ಹಂತ 3: ಕೈಯಲ್ಲಿರುವ ಲ್ಯಾಪ್‌ಟಾಪನ್ನು ಪರೀಕ್ಷಿಸಿ

ಹೊಸದನ್ನು ಕೊಳ್ಳುವ ಮೊದಲು ಇರುವುದೇ ಸಾಲುತ್ತದೆಯೇ ನೋಡಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಆರಂಭದಲ್ಲೇ ಒಎಸ್ ಅಸಲಿಯೇ ಎಂದು ಪರಿಶೀಲಿಸುವ ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಬೇಕು. ಟಿಪಿಎಂ ಎಂದರೆ ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಭಾಗ. ಪ್ರೊಸೆಸರ್ ಸ್ಥೂಲವಾಗಿ ಇಂಟೆಲ್‌ನ 8ನೇ ಪೀಳಿಗೆ ಅಥವಾ ಎಎಂಡಿಯ ರೈಜನ್ 3000 ಸರಣಿ ಇಲ್ಲವೇ ಅದರ ನಂತರದ್ದಾಗಿರಬೇಕು. ಇದನ್ನೆಲ್ಲ ನೀವೇ ಹುಡುಕಬೇಕಿಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶವನ್ನು ನಡೆಸಿದರೆ ಅರ್ಹವೋ ಅಲ್ಲವೋ, ಅಲ್ಲವಾದರೆ ಯಾವ ಕಾರಣಕ್ಕೆ ಎಂಬುದನ್ನು ಅದೇ ಹೇಳುತ್ತದೆ. ಟಿಪಿಎಂ ಇಲ್ಲ ಎಂದು ತೋರಿಸಿದರೆ ತಕ್ಷಣ ಆಸೆ ಬಿಡಬೇಡಿ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಇದ್ದರೂ ಲ್ಯಾಪ್‌ಟಾಪ್ ಆರಂಭವಾಗುವಾಗ ತೆರೆಯುವ ಬಯೋಸ್ ಸೆಟ್ಟಿಂಗಿನಲ್ಲಿ ಆಫ್ ಮಾಡಿಟ್ಟಿರುತ್ತದೆ; ತಿಳಿದವರಿಂದ ಒಮ್ಮೆ ನೋಡಿಸಿ.

ಇಲ್ಲಿ ಒಂದು ಎಚ್ಚರಿಕೆ. ಅರ್ಹವಲ್ಲದ ಲ್ಯಾಪ್‌ಟಾಪಿಗೂ ಬೇರೆ ಉಪಾಯಗಳಿಂದ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಅಂಥ ಕಂಪ್ಯೂಟರಿಗೆ ಪರಿಷ್ಕರಣೆಗಳು ಬರುತ್ತಲೇ ಇರುತ್ತವೆ ಎಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಸಿಗುವ ವಿಸ್ತರಿತ ಭದ್ರತಾ ಪರಿಷ್ಕರಣೆಯೂ ಮನೆ ಬಳಕೆಯ ಕಂಪ್ಯೂಟರುಗಳನ್ನು ಉದ್ದೇಶಿಸಿದ್ದು; ಸಂಸ್ಥೆಗಳಿಗೆ ಹಣ ಕೊಟ್ಟು ಮೂರು ವರ್ಷಗಳವರೆಗೆ ಪಡೆಯುವ ಬೇರೆ ಏರ್ಪಾಟಿದೆ. ಎರಡೂ ಕಾಲಾವಕಾಶ ಕೊಡುವ ಏರ್ಪಾಟುಗಳೇ ಹೊರತು ಪರಿಹಾರಗಳಲ್ಲ.

ಹಂತ 4: ಆಯ್ಕೆಗಳನ್ನು ತೂಗಿ ನೋಡಿ

ಈಗ ವೃತ್ತ ಎಳೆದ ಕೆಲಸಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಒಎಸ್ಸನ್ನು ನೋಡೋಣ.

*ವಿಂಡೋಸ್ 11.* ಟ್ಯಾಲಿ ಇದ್ದರೆ, ಅಥವಾ ಡಾಂಗಲ್ ಮತ್ತು ಹಳೆಯ ಪ್ರಿಂಟರ್ ಎರಡೂ ನಿಮ್ಮಲ್ಲಿದ್ದರೆ ಇದನ್ನೇ ಆರಿಸಿ. ಮತ್ತೊಂದು ಕಾರಣವನ್ನೂ ಹಗುರವಾಗಿ ಕಾಣಬೇಡಿ: ಕೆಟ್ಟಾಗ ಸರಿಮಾಡುವವರು ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ.

ಕೊಳ್ಳುವಾಗ ಹೋಮ್, ಪ್ರೊ ಎಂಬ ಎರಡು ಬಗೆ ಕಾಣುತ್ತವೆ. ಒಂದೇ ಲ್ಯಾಪ್‌ಟಾಪಿನ ಅಂಗಡಿಗೆ ಹೋಮ್ ಸಾಕು. ಮನೆಯಲ್ಲಿ ಕುಳಿತು ಅಂಗಡಿಯ ಕಂಪ್ಯೂಟರನ್ನು ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ತೆರೆಯಬೇಕಾದರೆ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರೊ ಇರಬೇಕು, ಹೋಮ್‌ನಲ್ಲಿ ಆ ಸೌಲಭ್ಯವಿಲ್ಲ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಕೂಡ ಪೂರ್ಣ ರೂಪದಲ್ಲಿ ಪ್ರೊದಲ್ಲೇ ಸಿಗುತ್ತದೆ. ಲ್ಯಾಪ್‌ಟಾಪ್ ಹಿಡಿದು ಊರೂರು ತಿರುಗುವವರು ಇದನ್ನು ಪರಿಗಣಿಸಬೇಕು. ಹೋಮ್‌ನಲ್ಲೂ ಇದರ ಸರಳ ರೂಪವಿದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ತಾನಾಗಿಯೇ ಚಾಲೂ ಆಗುತ್ತದೆ. ಆಗ ಡಿಸ್ಕಿನ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀ ಒಂದು ಆ ಖಾತೆಯಲ್ಲಿ ಉಳಿಯುತ್ತದೆ.

ಇಲ್ಲೇ ದೊಡ್ಡ ಅಪಾಯ ಇರುವುದು. ಹೊಸ ಲ್ಯಾಪ್‌ಟಾಪನ್ನು ಮಾರುವ ಅಂಗಡಿಯವರೇ ಚಾಲೂ ಮಾಡಿಕೊಡುವಾಗ ತಮ್ಮ ಹುಡುಗನ ಇಮೇಲ್ ಹಾಕಿಬಿಡುತ್ತಾರೆ. ಎರಡು ವರ್ಷದ ಬಳಿಕ ಯಾವುದೋ ದುರಸ್ತಿಯ ನಂತರ ಪರದೆ ನೀಲಿಯಾಗಿ ರಿಕವರಿ ಕೀ ಕೇಳಿದಾಗ, ಆ ಕೀ ಇರುವುದು ಕೆಲಸ ಬಿಟ್ಟುಹೋದ ಹುಡುಗನ ಖಾತೆಯಲ್ಲಿ. ಮೊದಲ ಬಾರಿ ಚಾಲೂ ಮಾಡುವಾಗ ನೀವೇ ಕುಳಿತು, ವ್ಯಾಪಾರದ ಹೆಸರಿನ ಇಮೇಲನ್ನೇ ಹಾಕಿ, ಆ ಕೀಯನ್ನು ಕಾಗದದ ಮೇಲೆ ಮುದ್ರಿಸಿ ಪತ್ರಗಳ ಬೀರುವಿನಲ್ಲಿಡಿ.

ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವಾಗ ಗಮನಿಸಬೇಕಾದ ಇನ್ನೂ ಮೂರು ಸಂಗತಿಗಳಿವೆ. ಎಸ್ ಮೋಡ್ ಎಂದು ಬರೆದಿದ್ದರೆ ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ತಂತ್ರಾಂಶಗಳು ಮಾತ್ರ ನಡೆಯುತ್ತವೆ, ಟ್ಯಾಲಿಯನ್ನು ಹಾಕಲಾಗುವುದಿಲ್ಲ. ಅದರಿಂದ ಉಚಿತವಾಗಿ ಹೊರಬರಬಹುದು, ಮರಳಿ ಹೋಗಲಾಗದು. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರಿನ ಹೊಸ ಲ್ಯಾಪ್‌ಟಾಪುಗಳ ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಆದರೆ ಅವು ಆರ್ಮ್ ಎಂಬ ಬೇರೆ ವಿನ್ಯಾಸದವು. ಸಾಮಾನ್ಯ ತಂತ್ರಾಂಶಗಳು ಅನುವಾದ ಪದರದ ಮೂಲಕ ನಡೆದರೂ ಡ್ರೈವರುಗಳಿಗೆ ಆ ಸೌಲಭ್ಯವಿಲ್ಲ, ಆರ್ಮ್‌ಗೆಂದೇ ಬರೆದ ಡ್ರೈವರ್ ಬೇಕಾಗುತ್ತದೆ. ಹಳೆಯ ಪ್ರಿಂಟರ್ ಮತ್ತು ಡಾಂಗಲ್ ಇರುವವರು ಸದ್ಯಕ್ಕೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನಲ್ಲೇ ಉಳಿಯುವುದು ಕ್ಷೇಮ. ಇನ್ನು 64 ಜಿಬಿಯ ಇಎಂಎಂಸಿ ಎಂಬ ನಿಧಾನಗತಿಯ ಸಂಗ್ರಹ ಇರುವ ಅಗ್ಗದ ಮಾದರಿಗಳನ್ನು ಮುಟ್ಟಲೇಬೇಡಿ. ಎರಡು ದೊಡ್ಡ ಪರಿಷ್ಕರಣೆ ಬರುವಷ್ಟರಲ್ಲಿ ಜಾಗ ತುಂಬಿಹೋಗುತ್ತದೆ. ಮೈಕ್ರೋಸಾಫ್ಟ್ 4 ಜಿಬಿ ರ‍್ಯಾಮ್ ಸಾಕೆಂದರೂ ಟ್ಯಾಲಿ, ಬ್ರೌಸರ್, ಎಕ್ಸೆಲ್ ಒಟ್ಟಿಗೆ ತೆರೆಯುವ ಅಂಗಡಿಗೆ 8 ಜಿಬಿ ರ‍್ಯಾಮ್ ಮತ್ತು 256 ಜಿಬಿಯ ಎಸ್‌ಎಸ್‌ಡಿ, ಅಂದರೆ ವೇಗದ ಡಿಸ್ಕ್, ಬೇಕು.

*ಡಾಸ್ ಲ್ಯಾಪ್‌ಟಾಪ್ ಮತ್ತು ನಕಲಿ ವಿಂಡೋಸ್.* ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಅಂಗಡಿಗಳವರೆಗೆ ಡಾಸ್ ಲ್ಯಾಪ್‌ಟಾಪ್ ಎಂದು ಮಾರುವುದರಲ್ಲಿ ವಿಂಡೋಸ್ ಪರವಾನಗಿ ಇರುವುದಿಲ್ಲ. ಫ್ರೀಡಾಸ್ ಎಂಬ ಉಚಿತ ತಂತ್ರಾಂಶವನ್ನು ಹೆಸರಿಗೆ ಹಾಕಿರುತ್ತಾರೆ. ಲಿನಕ್ಸ್ ಹಾಕಿಕೊಳ್ಳುವವರಿಗೆ ಇದು ಒಳ್ಳೆಯ ಖರೀದಿ. ಆದರೆ ಹೆಚ್ಚಿನ ಪಾಲು ನಡೆಯುವುದೇ ಬೇರೆ: ಮಾರುವವರೇ ಪರವಾನಗಿ ಇದೆಯೆಂದು ನಂಬಿಸುವ ಆ್ಯಕ್ಟಿವೇಟರ್ ಎಂಬ ತಂತ್ರಾಂಶ ಬಳಸಿ ನಕಲಿ ವಿಂಡೋಸ್ ಹಾಕಿಕೊಡುತ್ತಾರೆ. ಈ ಆ್ಯಕ್ಟಿವೇಟರುಗಳನ್ನು ಓಡಿಸಬೇಕಾದರೆ ಸಾಮಾನ್ಯವಾಗಿ ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕಾಗುತ್ತದೆ. ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಕಂಪ್ಯೂಟರಿನೊಳಕ್ಕೆ ಗುರುತು ಪರಿಚಯವಿಲ್ಲದವರು ಬರೆದ ತಂತ್ರಾಂಶವನ್ನು ಬಾಗಿಲು ತೆರೆದು ಬಿಟ್ಟಂತಾಯಿತು. ಕಾನೂನಿನ ಮಾತೂ ಇದೆ: 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಎಂದು ತಿಳಿದೂ ತಂತ್ರಾಂಶ ಬಳಸಿದರೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಕೀಗಳನ್ನೂ ನಂಬಬೇಡಿ. ಪರವಾನಗಿ ಸಹಿತವಾದ ಲ್ಯಾಪ್‌ಟಾಪನ್ನೇ ಕೊಂಡು, ಬಿಲ್ಲಿನಲ್ಲಿ ವಿಂಡೋಸ್ 11 ಹೋಮ್ ಅಥವಾ ಪ್ರೊ ಎಂದು ಬರೆಸಿಕೊಳ್ಳಿ. ಜೊತೆಗೆ ಬರುವ ಆಫೀಸ್ ತಂತ್ರಾಂಶ ಹೋಮ್ ಅಂಡ್ ಸ್ಟೂಡೆಂಟ್ ಆವೃತ್ತಿಯಾದರೆ ಅದರ ಪರವಾನಗಿ ವ್ಯಾಪಾರದ ಬಳಕೆಗಲ್ಲ ಎಂಬುದೂ ಗೊತ್ತಿರಲಿ. ಸರಳ ಲೆಕ್ಕ, ಪತ್ರಗಳಷ್ಟೇ ಇದ್ದರೆ ಉಚಿತವಾದ ಲಿಬ್ರೆಆಫೀಸ್ ವಿಂಡೋಸ್‌ನಲ್ಲೂ ನಡೆಯುತ್ತದೆ.

*ಲಿನಕ್ಸ್.* ಹಂತ 2ರಲ್ಲಿ ವೃತ್ತ ಎಳೆದ ಕೆಲಸಗಳು ಬ್ರೌಸರಿನವೇ ಆಗಿದ್ದರೆ, ಅಥವಾ ವಿಂಡೋಸ್ 11ಕ್ಕೆ ಅರ್ಹವಲ್ಲದ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್ ಇದ್ದರೆ ಇದು ನಿಜಕ್ಕೂ ಉತ್ತಮ ದಾರಿ. ಪರವಾನಗಿಗೆ ಹಣವಿಲ್ಲ, ಹಳೆಯ ಯಂತ್ರದಲ್ಲೂ ಚುರುಕಾಗಿ ನಡೆಯುತ್ತದೆ. ನೂರಾರು ಲಿನಕ್ಸ್ ವಿತರಣೆಗಳು, ಅಂದರೆ ಬೇರೆ ಬೇರೆಯವರು ಸಿದ್ಧಪಡಿಸಿದ ರೂಪಗಳಿವೆ, ಅವುಗಳ ನಡುವೆ ಅಲೆದಾಡಬೇಡಿ. ವಿಂಡೋಸ್ ಬಳಸಿ ಅಭ್ಯಾಸವಾದವರಿಗೆ ಲಿನಕ್ಸ್ ಮಿಂಟ್ ಹತ್ತಿರವಾಗಿ ಕಾಣುತ್ತದೆ. ಉಬುಂಟು ಬೇಕೆಂದರೆ ಹೆಸರಿನ ಮುಂದೆ ಎಲ್‌ಟಿಎಸ್ ಎಂದಿರುವ, ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಹಾಕಿಸಿ. ಅದು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿ, ಐದು ವರ್ಷ ಭದ್ರತಾ ಪರಿಷ್ಕರಣೆ ಪಡೆಯುತ್ತದೆ. ಉದಾಹರಣೆಗೆ 2024ರ ಏಪ್ರಿಲ್‌ನಲ್ಲಿ ಬಂದ 24.04ಕ್ಕೆ 2029ರವರೆಗೆ ಬೆಂಬಲವಿದೆ. ಆದರೆ ಲಿನಕ್ಸ್ ಆರಿಸುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ: ಕೆಟ್ಟಾಗ ಬಂದು ನೋಡುವವರು ನಿಮ್ಮ ಊರಿನಲ್ಲಿ ಯಾರು? ಎಂಜಿನಿಯರಿಂಗ್ ಓದುವ ಅಕ್ಕನ ಮಗನೊಬ್ಬನೇ ಉತ್ತರವಾದರೆ, ಅವನು ಕೆಲಸಕ್ಕೆ ಹೈದರಾಬಾದಿಗೆ ಹೋದ ಮೇಲೆ ಏನು ಎಂಬುದನ್ನೂ ಯೋಚಿಸಿ.

*ಮ್ಯಾಕ್.* ವಿನ್ಯಾಸ, ವಿಡಿಯೋ, ಛಾಯಾಚಿತ್ರಗಳ ವೃತ್ತಿಯವರಿಗೆ ಇದು ಸರಿಹೊಂದುತ್ತದೆ. 2020ರ ನವೆಂಬರಿನಿಂದ ಆಪಲ್ ತನ್ನದೇ ಚಿಪ್ ಬಳಸುತ್ತಿದ್ದು, ಆ ಯಂತ್ರಗಳಲ್ಲಿ ಮೊದಲಿನಂತೆ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಲಾಗುವುದಿಲ್ಲ. ಪ್ಯಾರಲಲ್ಸ್‌ನಂಥ ತಂತ್ರಾಂಶವನ್ನು ಹಣ ಕೊಟ್ಟು ಕೊಂಡು ಅದರೊಳಗೆ ಆರ್ಮ್ ವಿಂಡೋಸ್ ನಡೆಸಬಹುದಾದರೂ ಮೇಲೆ ಹೇಳಿದ ಡ್ರೈವರ್ ತೊಡಕು ಹಾಗೆಯೇ ಉಳಿಯುತ್ತದೆ. ಅಗ್ಗವಾಗಿ ಸಿಗುತ್ತದೆಂದು ಇಂಟೆಲ್ ಚಿಪ್‌ನ ಹಳೆಯ ಮ್ಯಾಕ್ ಕೊಳ್ಳಬೇಡಿ. ಮ್ಯಾಕ್‌ಒಎಸ್‌ನ 2025ರ ಟಾಹೋ ಆವೃತ್ತಿಯೇ ಅವುಗಳಿಗೆ ಕೊನೆಯದು.

*ಕ್ರೋಮ್‌ಬುಕ್.* ಎಲ್ಲ ಕೆಲಸವೂ ಬ್ರೌಸರಿನಲ್ಲೇ, ಅಂತರ್ಜಾಲವೂ ನೆಚ್ಚಿಕೊಳ್ಳುವಂತಿದೆ ಎನ್ನುವವರಿಗೆ ಮಾತ್ರ. ಪ್ರತಿ ಮಾದರಿಗೂ ಪರಿಷ್ಕರಣೆ ನಿಲ್ಲುವ ದಿನಾಂಕವೊಂದು ಗೊತ್ತಾಗಿರುತ್ತದೆ. ಕೊಳ್ಳುವ ಮೊದಲು ಅದನ್ನು ನೋಡಿ. ಹಳೆಯ ಲ್ಯಾಪ್‌ಟಾಪಿಗೆ ಕ್ರೋಮ್‌ಒಎಸ್ ಫ್ಲೆಕ್ಸ್ ಉಚಿತವಾಗಿ ಸಿಗುತ್ತದೆ, ಆದರೆ ಅದರಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು ನಡೆಯುವುದಿಲ್ಲ.

ಹಂತ 5: ಕನ್ನಡದ ಕೆಲಸವನ್ನು ಪ್ರತ್ಯೇಕವಾಗಿ ನೋಡಿ

ಈ ಹಂತವನ್ನು ಬೇರೆಯ ಮಾರ್ಗದರ್ಶಿಗಳು ಬಿಟ್ಟುಬಿಡುತ್ತವೆ, ನಮಗೆ ಬಿಡಲಾಗದು. ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ, ಸಹಕಾರ ಸಂಘಕ್ಕೆ ಪತ್ರ ಬರೆಯುವವರ ಹಳೆಯ ಕಡತಗಳು ಎರಡು ಬಗೆಯವು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ನ ಕಡತ ಎಲ್ಲ ಒಎಸ್‌ಗಳಲ್ಲೂ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಹಾಗೆಯೇ ಬರಹ, ಶ್ರೀಲಿಪಿ ಇವುಗಳ ಹಳೆಯ ಫಾಂಟ್ ಬಳಸಿ ಬರೆದ ಕಡತ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟುಕೊಂಡಿರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ಪರೀಕ್ಷೆ ಸುಲಭ. ನಿಮ್ಮ ಹಳೆಯ ಪತ್ರದ ಒಂದು ಸಾಲನ್ನು ನಕಲು ಮಾಡಿ ಮೊಬೈಲಿನ ವಾಟ್ಸ್ಆ್ಯಪ್‌ಗೆ ಕಳಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ಕಲಸುಮೇಲೋಗರವಾಗಿ ಬಂದರೆ ಹಳೆಯ ಸಂಕೇತ. ಎರಡನೆಯದಾದರೆ ಒಎಸ್ ಬದಲಿಸುವ ಮೊದಲೇ ಮುಖ್ಯ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನೂ ಅಂಕಿಗಳನ್ನೂ ಕಣ್ಣಿಟ್ಟು ಓದಿ ಸರಿಪಡಿಸಿಕೊಳ್ಳಿ.

ಟೈಪ್ ಮಾಡುವ ಅಭ್ಯಾಸದ ಬಗ್ಗೆ ಭಯ ಬೇಡ. ನುಡಿಯಲ್ಲಿ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ. ಕೀಲಿಮಣೆ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ಕಗಪ ಎಂಬುದನ್ನು ಆರಿಸಿದರಾಯಿತು. ಗುಬ್ಬಿ, ನವಿಲು ಎಂಬ ಚೆಂದದ ಮುಕ್ತ ಫಾಂಟುಗಳೂ ಅಲ್ಲಿ ಸಿಗುತ್ತವೆ. ವಿಂಡೋಸ್‌ನಲ್ಲಿ ತುಂಗಾ ಮತ್ತು ನಿರ್ಮಲಾ ಇವೆ.

ಹಂತ 6: ಹಾಕುವ ಮೊದಲು ಪರೀಕ್ಷಿಸಿ

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ ಅದನ್ನು ಹಾಕದೆಯೇ ನೋಡಬಹುದು. ಖಾಲಿಯಾದ 8 ಜಿಬಿ ಪೆನ್‌ಡ್ರೈವಿಗೆ ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಮಿಂಟ್ ಅಥವಾ ಉಬುಂಟುವಿನ ಕಡತವನ್ನು ಬರೆಯಿರಿ. ಲ್ಯಾಪ್‌ಟಾಪನ್ನು ಮರುಚಾಲೂ ಮಾಡುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿ ಒತ್ತಿ ಪೆನ್‌ಡ್ರೈವಿನಿಂದ ಆರಂಭಿಸಿ. ಪರದೆಯ ಮೇಲಿನ ಇನ್‌ಸ್ಟಾಲ್ ಗುರುತನ್ನು ಮಾತ್ರ ಒತ್ತಬೇಡಿ. ಅಲ್ಲಿ ತಪ್ಪು ಆಯ್ಕೆ ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಹೀಗೆ ಆರಂಭಿಸಿದ ಲಿನಕ್ಸ್‌ನಲ್ಲಿ ಹಂತ 1ರ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ವೈ-ಫೈ ಹಿಡಿಯುತ್ತದೆಯೇ, ಪ್ರಿಂಟರಿನಿಂದ ಒಂದು ಬಿಲ್ ಸರಿಯಾದ ಅಳತೆಯಲ್ಲಿ ಬರುತ್ತದೆಯೇ, ಸ್ಕ್ಯಾನರ್ ನಡೆಯುತ್ತದೆಯೇ, ಮುಚ್ಚಳ ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಏಳುತ್ತದೆಯೇ ಎಂದು ಒಂದೊಂದನ್ನೂ ಮಾಡಿ ನೋಡಿ. ಪೆನ್‌ಡ್ರೈವಿನಿಂದ ನಡೆಯುವಾಗ ಸ್ವಲ್ಪ ನಿಧಾನವಿರುವುದು ಸಹಜ. ಡಾಂಗಲನ್ನು ಪರೀಕ್ಷಿಸುವಾಗ ದೀಪ ಹತ್ತಿದ್ದನ್ನು ಕಂಡು ಸಮಾಧಾನಪಡಬೇಡಿ, ಪೋರ್ಟಲಿಗೆ ಪ್ರವೇಶಿಸಿ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರು ಕಾಣುವವರೆಗೆ ಹೋಗಿ.

ಹೊಸ ವಿಂಡೋಸ್ ಲ್ಯಾಪ್‌ಟಾಪಾದರೆ, ನಿಮ್ಮ ಡಾಂಗಲನ್ನೂ ಪ್ರಿಂಟರಿನ ಮಾದರಿ ಸಂಖ್ಯೆಯನ್ನೂ ಅಂಗಡಿಗೇ ಕೊಂಡೊಯ್ದು ಅಲ್ಲೇ ವಿಚಾರಿಸಿ.

ಹಂತ 7: ಬದಲಿಸುವ ದಿನ

ದಿನವನ್ನು ಆರಿಸುವುದೇ ಅರ್ಧ ಕೆಲಸ. ಸಾಮಾನ್ಯವಾಗಿ ತಿಂಗಳ 7ಕ್ಕೆ ಟಿಡಿಎಸ್ ಪಾವತಿ, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ತ್ರೈಮಾಸಿಕ ವಿವರ ಸಲ್ಲಿಸುವ ಕರ್ನಾಟಕದವರಿಗೆ ತ್ರೈಮಾಸಿಕದ ಮುಂದಿನ ತಿಂಗಳ 22. ಹೀಗಾಗಿ 23ರ ಬಳಿಕದ ವಾರ ಸೂಕ್ತ. ಮಾರ್ಚ್ ತಿಂಗಳಲ್ಲಿ ಮಾತ್ರ ಯಾವ ವಾರವೂ ಬೇಡ.

ಆ ದಿನ ಈ ಕ್ರಮದಲ್ಲಿ ನಡೆಯಿರಿ:

1. ಟ್ಯಾಲಿಯ ದತ್ತಾಂಶದ ಬ್ಯಾಕಪ್ ತೆಗೆದು, ಎರಡು ಬೇರೆ ಬೇರೆ ಕಡೆ ಇಡಿ. ಬ್ಯಾಕಪ್ ತೆಗೆದರೆ ಸಾಲದು, ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಮರುಸ್ಥಾಪಿಸಿ ತಾಳೆಪಟ್ಟಿಯ (ಟ್ರಯಲ್ ಬ್ಯಾಲೆನ್ಸ್) ಮೊತ್ತ ಮತ್ತು ಮುಕ್ತಾಯದ ದಾಸ್ತಾನು ಎರಡೂ ಒಂದೇ ಇವೆಯೇ ನೋಡಿ.

2. ಹಳೆಯ ಕಂಪ್ಯೂಟರಿನಲ್ಲಿ ಟ್ಯಾಲಿಯ ಪರವಾನಗಿಯನ್ನು ಸರೆಂಡರ್ ಮಾಡಿ. ಆ ಪರವಾನಗಿ ಕಂಪ್ಯೂಟರಿಗೆ ಅಂಟಿಕೊಂಡಿರುತ್ತದೆ. ಬಿಡಿಸದೆ ಫಾರ್ಮ್ಯಾಟ್ ಮಾಡಿದರೆ ಹೊಸದರಲ್ಲಿ ಚಾಲೂ ಮಾಡುವಾಗ ಸಹಾಯವಾಣಿಗಾಗಿ ಕಾಯಬೇಕಾಗಬಹುದು.

3. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ನಕಲು ಮಾಡಿ. ಹಳೆಯ ಕನ್ನಡ ಫಾಂಟುಗಳನ್ನೂ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಮರೆಯಬೇಡಿ.

4. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುವವರು ಮೊದಲು ರಿಕವರಿ ಕೀ ಕೈಯಲ್ಲಿದೆಯೇ ಖಚಿತಪಡಿಸಿಕೊಳ್ಳಿ. ಅದಿಲ್ಲದೆ ಡಿಸ್ಕನ್ನು ವಿಭಾಗಿಸಲು ಹೋಗಿ ಲೆಕ್ಕಪತ್ರವನ್ನೇ ಕಳೆದುಕೊಳ್ಳುವ ಅಪಾಯವಿದೆ.

5. ಹೊಸ ಒಎಸ್ ಹಾಕಿದ ಮೇಲೆ ಎರಡು ಖಾತೆ ಮಾಡಿ: ತಂತ್ರಾಂಶ ಹಾಕುವ ಅಧಿಕಾರವಿರುವ ಖಾತೆಯ ಪಾಸ್‌ವರ್ಡ್ ಮಾಲೀಕರಲ್ಲಿರಲಿ, ದಿನನಿತ್ಯದ ಬಿಲ್ಲಿಂಗ್ ಆ ಅಧಿಕಾರವಿಲ್ಲದ ಸಾಮಾನ್ಯ ಖಾತೆಯಲ್ಲಿ ನಡೆಯಲಿ.

6. ವಿಂಡೋಸ್‌ನಲ್ಲಿ ಆ್ಯಕ್ಟಿವ್ ಅವರ್ಸ್ ಎಂಬಲ್ಲಿ ಅಂಗಡಿಯ ವೇಳೆಯನ್ನು ನಮೂದಿಸಿ. ಸಂಜೆ ಗಿರಾಕಿಗಳ ಸಾಲು ನಿಂತಿರುವಾಗ ಪರಿಷ್ಕರಣೆಗಾಗಿ ಲ್ಯಾಪ್‌ಟಾಪ್ ಮರುಚಾಲೂ ಆಗುವುದು ಇದರಿಂದ ತಪ್ಪುತ್ತದೆ.

7. ಬ್ಯಾಕಪ್‌ಗೆಂದು ಪ್ರತ್ಯೇಕ ಹಾರ್ಡ್‌ಡಿಸ್ಕ್ ಇಟ್ಟು, ದಿನದ ಕೊನೆಗೆ ಬ್ಯಾಕಪ್ ಆದ ಕೂಡಲೇ ಅದನ್ನು ಬಿಡಿಸಿಡಿ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಜೋಡಿಸಿಟ್ಟ ಡಿಸ್ಕಿನಲ್ಲಿರುವುದಕ್ಕೂ ಬೀಗ ಬೀಳುತ್ತದೆ.

ಹಳೆಯ ಲ್ಯಾಪ್‌ಟಾಪನ್ನು ಅಥವಾ ಅದರಿಂದ ತೆಗೆದ ಡಿಸ್ಕನ್ನು ಕೂಡಲೇ ಮಾರಬೇಡಿ, ಅಳಿಸಲೂಬೇಡಿ. ಅಂತರ್ಜಾಲದ ಸಂಪರ್ಕ ತಪ್ಪಿಸಿ ಬೀರುವಿನಲ್ಲಿಟ್ಟಿರಿ. ಹೊಸ ವ್ಯವಸ್ಥೆಯಲ್ಲಿ ಒಂದು ಜಿಎಸ್‌ಟಿಆರ್-1, ಒಂದು 3ಬಿ, ಡಾಂಗಲಿನ ಒಂದು ಸಹಿ, ಆಡಿಟರಿಗೆ ಕಳಿಸಿದ ಒಂದು ಬ್ಯಾಕಪ್ ಈ ನಾಲ್ಕೂ ತೊಡಕಿಲ್ಲದೆ ಮುಗಿದ ಮೇಲೆ ಅದನ್ನು ಫಾರ್ಮ್ಯಾಟ್ ಮಾಡಬಹುದು.